ತೊಗರಿ ಕಣದಲ್ಲಿ ಉಸಿರು ಅಳೆದದ್ದು

ಮೊದಲ ದಿನ ಆ ಮಿಲ್ಲಿನ ಹೆಂಗಸರಿಗೆ ಊದುವುದನ್ನು ಕಲಿಸಲು ನನಗೆ ಒಂದು ತಾಸು ಹಿಡಿಯಿತು. ಅವರಿಗೆ ಊದಲು ಬರುತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಬರುತ್ತಿತ್ತು, ಅದೇ ತೊಂದರೆ. ಒಲೆ ಊದಿ ಊದಿ ರೂಢಿಯಾದವರು ಉಸಿರನ್ನು ಉದ್ದಕ್ಕೆ, ಸಣ್ಣಗೆ, ತಡೆದು ತಡೆದು ಬಿಡುತ್ತಿದ್ದರು. ನನ್ನ ಕೈಯಲ್ಲಿದ್ದ ಪೀಕ್ ಫ್ಲೋ ಮೀಟರಿಗೆ ಬೇಕಿದ್ದದ್ದು ಬೇರೆ. ಎದೆ ತುಂಬ ಗಾಳಿ ಎಳೆದುಕೊಂಡು, ತುಟಿ ಬಿಗಿದು, ಒಂದೇ ಏಟಿಗೆ ಬಿಡಬೇಕು. ಗೇಣುದ್ದದ ಪ್ಲಾಸ್ಟಿಕ್ ಕೊಳವೆ ಅದು. ಮೈಮೇಲೊಂದು ಸೀಳು, ಸೀಳಿನ ಉದ್ದಕ್ಕೂ ಅಂಕಿಗಳು, ಅವುಗಳ ಪಕ್ಕ ಸರಿಯುವ ಒಂದು ಸಣ್ಣ ಮುಳ್ಳು. ಊದಿದ ರಭಸಕ್ಕೆ ಮುಳ್ಳು ಎಲ್ಲಿಯವರೆಗೆ ಓಡಿ ನಿಲ್ಲುತ್ತದೋ ಅದು ಆ ವ್ಯಕ್ತಿಯ ಉಸಿರಿನ ಬಲ.

ನಾನಾಗ ಕಲಬುರಗಿಯಲ್ಲಿ ಎಂಬಿಬಿಎಸ್ ಎರಡನೆಯ ವರ್ಷದಲ್ಲಿದ್ದೆ. ವಿದ್ಯಾರ್ಥಿಗಳಿಗಾಗಿ ಇದ್ದ ಕಿರು ಸಂಶೋಧನೆಯ ಯೋಜನೆಯೊಂದಕ್ಕೆ ನಾನು ಮತ್ತು ನನ್ನ ತರಗತಿಯ ಗೆಳತಿ ಸೇರಿ ಅರ್ಜಿ ಹಾಕಿದ್ದೆವು. ನಮ್ಮ ಪ್ರಶ್ನೆ ದೊಡ್ಡದೇನಲ್ಲ. ತೊಗರಿ ದೂಳಿನಲ್ಲಿ ವರ್ಷಗಟ್ಟಲೆ ದುಡಿಯುವ ಹೆಂಗಸರ ಉಸಿರಿನ ಬಲ, ಹೊಲದಲ್ಲಿ ದುಡಿಯುವ ಅದೇ ವಯಸ್ಸಿನ ಹೆಂಗಸರಿಗಿಂತ ಕಡಿಮೆ ಇದೆಯೇ? ದೂಳಿನ ಗುಂಪಿಗೆ ನಂದೂರಿನ ಒಂದು ದಾಲ್ ಮಿಲ್ಲನ್ನು ಆರಿಸಿಕೊಂಡೆವು. ಹೋಲಿಕೆಯ ಗುಂಪಿಗೆ ಕಮಲಾಪುರ. ಗೆಳತಿಯ ಊರು ಅದು. ಅಲ್ಲಿಯ ಬಾಳೆ ತೋಟಗಳಿಗೆ, ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸರು ಅವಳಿಗೆ ಚಿಕ್ಕಂದಿನಿಂದ ಪರಿಚಯ.

ಕೆಲಸ ಹಂಚಿಕೊಂಡೆವು. ನಂದೂರು ನನ್ನದು, ಕಮಲಾಪುರ ಅವಳದು. ವಿಭಾಗದ ಬೀರುವಿನಲ್ಲಿ ಎರಡು ಮೀಟರುಗಳಿದ್ದವು, ಒಬ್ಬೊಬ್ಬರು ಒಂದೊಂದು ತೆಗೆದುಕೊಂಡೆವು. ನಮಗೆ ಮಾರ್ಗದರ್ಶಕರಾಗಿದ್ದ ಮೇಡಂ ಮೈಸೂರಿನ ಕಡೆಯವರು, ಮೆಲ್ಲಗೆ ಮಾತಾಡುವವರು. ಮೀಟರು ಕೈಗೆ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು.

"ದಿನಾ ಬೆಳಿಗ್ಗೆ ಮೊದಲು ನೀವೇ ಮೂರು ಸಲ ಊದಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಆಮೇಲೆ ಬೇರೆಯವರದ್ದು."

ಮೊದಲ ನಾಲ್ಕು ದಿನ ನಾನು ಹಾಗೆಯೇ ಮಾಡಿದೆ. ನಾಲ್ಕೂ ದಿನ ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ಐದನೆಯ ದಿನ ತಡವಾಗಿತ್ತು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಹೆಂಗಸರು ಚಹಾದ ಬಿಡುವಿಗೆ ಕೂತಾಗಿತ್ತು. ಆ ಬಿಡುವಿನಲ್ಲಷ್ಟೇ ಅವರು ನನಗೆ ಸಿಗುತ್ತಿದ್ದುದು. ನನ್ನದು ನಾಳೆ ನೋಡಿದರಾಯಿತು ಎಂದುಕೊಂಡೆ. ನಾಳೆಯೂ ಹಾಗೆಯೇ ಆಯಿತು. ಆಮೇಲೆ ಅದು ನೆನಪಿಗೇ ಬರಲಿಲ್ಲ.

ಮಿಲ್ಲಿನ ಹಿಂದೆ ದೊಡ್ಡ ಸಿಮೆಂಟಿನ ಕಣ. ನೀರು ಕುಡಿಸಿದ ತೊಗರಿಯನ್ನು ಅಲ್ಲಿ ಹರವಿ ಒಣಗಿಸುತ್ತಾರೆ. ಕಣದ ಪಕ್ಕ ತಗಡಿನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಬೇಳೆ ಆರಿಸಿ ಹಸನು ಮಾಡುತ್ತಾರೆ. ಹೊಟ್ಟಿನ ಹಳದಿ ದೂಳು ಅವರ ಹುಬ್ಬಿನ ಮೇಲೆ, ಸೆರಗಿನ ಮೇಲೆ, ಚಹಾದ ಲೋಟದ ಅಂಚಿನ ಮೇಲೆ ಕೂತಿರುತ್ತಿತ್ತು. ಗೋದಾಮಿನ ಗೋಡೆಗೆ ಟೇಪು ಅಂಟಿಸಿ ಎತ್ತರ ನೋಡುತ್ತಿದ್ದೆ. ವಯಸ್ಸು ಕೇಳಿದರೆ ಬಹಳ ಜನ ಹಿರಿಮಗಳ ವಯಸ್ಸು ಹೇಳುತ್ತಿದ್ದರು, ಅದರ ಮೇಲೆ ಲೆಕ್ಕ ಹಾಕಿ ಬರೆಯಬೇಕಾಗುತ್ತಿತ್ತು. ಆಮೇಲೆ ಎದ್ದು ನಿಂತು ಮೂರು ಸಲ ಊದುವುದು, ನಡುನಡುವೆ ವಿಶ್ರಾಂತಿ, ಮೂರರಲ್ಲಿ ಹೆಚ್ಚಿನದನ್ನು ಬರೆದುಕೊಳ್ಳುವುದು. ಒಬ್ಬೊಬ್ಬರಿಗೂ ಹೊಸ ರಟ್ಟಿನ ಬಾಯಿಕೊಳವೆ.

ಇದೆಲ್ಲಕ್ಕಿಂತ ಮೊದಲು ಒಪ್ಪಿಗೆ ಪತ್ರ. ಓದಲು ಬಾರದವರಿಗೆ ಪತ್ರವನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಯ ಸಹಿ ಹಾಕಿಸಬೇಕು. ಸಾಕ್ಷಿಯಾದವರು ಕೆಲಸ ಕೊಡುವವರ ಕಡೆಯವರಾಗಿರಬಾರದು ಎಂಬುದು ನಿಯಮ. ನನಗೆ ಗೊತ್ತಿದ್ದ ನಿಯಮವೇ. ಆದರೆ ಶೆಡ್ಡಿನಲ್ಲಿ ಆ ಹೊತ್ತಿಗೆ ಓದುಬರಹ ಬರುತ್ತಿದ್ದವರೆಂದರೆ ಮಿಲ್ಲಿನ ಮುನೀಮರು ಒಬ್ಬರೇ. ಲೆಕ್ಕ ಬರೆಯುವುದು, ಕೂಲಿಯವರನ್ನು ಸೇರಿಸುವುದು, ಬಿಡಿಸುವುದು ಎಲ್ಲ ಅವರದೇ. ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಹಾಕಿಸುತ್ತಿದ್ದರು, ಕುಡಿಯಲು ನೀರು ಕೊಡಿಸುತ್ತಿದ್ದರು. ಸಹಿ ಹಾಕಿ ಎಂದೆ, ಹಾಕಿದರು. ದಿನಾ ನನ್ನ ಪಕ್ಕದಲ್ಲೇ ನಿಂತು ಸಹಿ ಹಾಕುತ್ತಿದ್ದರು. ಮೇಜಿನ ಮೇಲೆ ನನ್ನ ಪಟ್ಟಿ ಬಿಚ್ಚಿಕೊಂಡೇ ಇರುತ್ತಿತ್ತು. ಅದರಲ್ಲಿ ಹೆಸರುಗಳಿರಲಿಲ್ಲ, ಬರೀ ಸಂಖ್ಯೆಗಳಿದ್ದವು. ಆದರೆ ಎದುರಿಗೇ ನಿಂತು ನೋಡುವವನಿಗೆ ಯಾವ ಸಂಖ್ಯೆ ಯಾರದು ಎಂಬುದು ತಿಳಿಯದೆ ಇರುತ್ತದೆಯೇ? ಬಹಳ ಕಡಿಮೆ ಬಂದ ಅಂಕಿಗಳ ಸುತ್ತ ನಾನು ಕೆಂಪು ಪೆನ್ನಿನಿಂದ ಗುಂಡು ಹಾಕಿಟ್ಟಿದ್ದೆ, ಆಮೇಲೆ ಮೇಡಂಗೆ ತೋರಿಸಲೆಂದು.

ಎರಡು ವಾರದಲ್ಲಿ ಅಳೆಯುವ ಕೆಲಸ ಮುಗಿಯಿತು. ಎರಡೂ ಊರಿನ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದಾಗ ನಂದೂರಿನ ಹೆಂಗಸರ ಉಸಿರು ಕಮಲಾಪುರದವರಿಗಿಂತ ಬಹಳ ಕಡಿಮೆ ಇತ್ತು. ಅನುಮಾನಕ್ಕೆ ಎಡೆಯಿಲ್ಲದಷ್ಟು ಕಡಿಮೆ. ನಾನು ಖುಷಿಪಟ್ಟೆ ಎಂದು ಬರೆಯಲು ಈಗ ಸಂಕೋಚವಾಗುತ್ತದೆ, ಆದರೆ ಖುಷಿಪಟ್ಟೆ. ಗೆಳತಿಯೂ ಖುಷಿಪಟ್ಟಳು. ವರದಿ ಕಳಿಸಲು ಇನ್ನೂ ಹತ್ತು ದಿನವಿತ್ತು.

ಮೇಡಂ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷದಿಂದ ದುಡೀತಿದ್ದಾರೆ ಅನ್ನೋದಕ್ಕೆ ಇದನ್ನ ಹೋಲಿಸಿದ್ಯಾ?"

ಹೋಲಿಸಿದ್ದೆ. ಅದರಲ್ಲಿ ಏನೂ ಕಂಡಿರಲಿಲ್ಲ. ಇಪ್ಪತ್ತು ವರ್ಷ ದುಡಿದವರ ಉಸಿರು ಚೆನ್ನಾಗಿತ್ತು, ಎರಡು ವರ್ಷ ದುಡಿದವರದು ಕೆಟ್ಟಿತ್ತು.

"ಸರಿ, ಅಳೆದ ದಿನಾಂಕಕ್ಕೆ ಹೋಲಿಸು."

ಅಲ್ಲೇ ಕೂತು ಹೋಲಿಸಿದೆ. ಚುಕ್ಕೆಗಳು ಎಡದಿಂದ ಬಲಕ್ಕೆ ಮೆಟ್ಟಿಲಿನ ಹಾಗೆ ಇಳಿಯುತ್ತ ಹೋದವು. ಮೊದಲ ದಿನಗಳಲ್ಲಿ ಊದಿದವರೆಲ್ಲ ಗಟ್ಟಿ, ಕೊನೆಯ ದಿನಗಳಲ್ಲಿ ಊದಿದವರೆಲ್ಲ ದುರ್ಬಲ. ಮೇಡಂ ನನ್ನ ನೋಟ್‌ಬುಕ್ಕನ್ನು ಎಳೆದುಕೊಂಡು ಮೊದಲ ಪುಟ ತೆರೆದರು. ನಾಲ್ಕು ಸಾಲು, ಕೆಳಗೆ ಖಾಲಿ. ಬೀರುವಿನಿಂದ ಎರಡೂ ಮೀಟರು ತರಿಸಿ ನನ್ನ ಮುಂದಿಟ್ಟರು.

ಗೆಳತಿಯ ಮೀಟರಿಗೆ ಊದಿದೆ. ನಾನೂರ ಹತ್ತು. ನನ್ನ ಮೀಟರಿಗೆ ಊದಿದೆ. ಇನ್ನೂರ ತೊಂಬತ್ತು. ಮತ್ತೆ ಊದಿದೆ, ಇನ್ನೂರ ಎಂಬತ್ತು. ಮೇಡಂ ಸೀಳಿನೊಳಗೆ ಒಂದು ಬಿಳಿ ಕಾಗದದ ಚೂರು ತೂರಿಸಿ ಹೊರಗೆಳೆದರು. ಕಾಗದದ ತುದಿ ಹಳದಿಯಾಗಿತ್ತು. ಶೆಡ್ಡಿನ ಮೇಜಿನ ಮೇಲೆ ಡಬ್ಬಿಗೆ ಹಾಕದೆ ಇಟ್ಟ ಮೀಟರಿನೊಳಗೆ ದಿನಕ್ಕಿಷ್ಟು ದೂಳು ಸೇರಿ, ಮುಳ್ಳು ಸರಿಯುವ ದಾರಿ ಬಿಗಿಯಾಗುತ್ತ ಹೋಗಿತ್ತು. ಕೊನೆಯ ವಾರ ಅಷ್ಟೂ ನಾನು ಅಳೆದದ್ದು ಹೆಂಗಸರ ಉಸಿರನ್ನಲ್ಲ.

"ಮೊದಲ ನಾಲ್ಕು ದಿನದ್ದು ಮಾತ್ರ ಇಟ್ಕೊಂಡ್ರೆ ವರದಿ ತೆಳುವಾಗುತ್ತೆ, ಆದ್ರೆ ವರದಿ ಆಗುತ್ತೆ," ಎಂದರು ಮೇಡಂ. "ಇಲ್ಲಾ ಅಂದ್ರೆ ಎಲ್ಲರನ್ನೂ ಮತ್ತೆ ಅಳೀಬೇಕು. ಮೊದಲು ಮಿಲ್ಲಿಗೆ ಹೋಗಿ, ಮತ್ತೆ ಸಿಗ್ತಾರಾ ಕೇಳ್ಕೊಂಡು ಬಾ."

ಅಂದು ಮಧ್ಯಾಹ್ನವೇ ನಂದೂರಿಗೆ ಹೋದೆ. ಮುನೀಮರು ಚೀಲ ಎಣಿಸುತ್ತಿದ್ದವರು ನನ್ನನ್ನು ಕಂಡು ಕುರ್ಚಿ ಹಾಕಿಸಿದರು. ಇನ್ನೊಮ್ಮೆ ಎಲ್ಲರನ್ನೂ ಊದಿಸಬೇಕಾಗಬಹುದು ಎಂದೆ.

"ಊದಸ್ರಿ, ನಮಗೇನ್ ತಕರಾರ್ ಇಲ್ಲ. ಆದ್ರ ಒಬ್ಬಾಕಿ ಸಿಗಂಗಿಲ್ಲ ನೋಡ್ರಿ. ನಡುಸಾಲಿನಾಗ ಕೂಡ್ತಿದ್ಲಲ್ಲ, ಎತ್ತರನ್ನಾಕಿ. ಆಕಿನ್ನ ಬಿಡಸೀನಿ."

"ಯಾಕ್ರೀ?"

"ನೀವೇ ಕೆಂಪು ಗುಂಡು ಹಾಕಿದ್ರಿ ಅಲ್ರೀ. ಎಲ್ಲಾರಿಗಿಂತ ಕಮ್ಮಿ ದಮ್ಮು ಆಕಿದೇ. ನಾಳಿ ಬಿಸಲಾಗ ಕಣದ ಮ್ಯಾಲ ಬಿದ್ಲಂದ್ರ ಜವಾಬ್ ಯಾರು ಕೊಡೋರು? ಮಾಲಕರು ನನಗ ಕೇಳ್ತಾರ. ನೀವು ನೋಡಿ ಹೇಳಿದ್ದು ಛಲೋ ಆತು."

ಅವರ ದನಿಯಲ್ಲಿ ಕೆಡುಕಿರಲಿಲ್ಲ. ನನಗೆ ಉಪಕಾರ ಹೇಳುತ್ತಿದ್ದರು. ನಾನು ಸ್ಕೂಟಿ ಹತ್ತಿ ಬಂದೆ. ದಾರಿಯಲ್ಲಿ ಆ ಹೆಂಗಸು ಊದಿದ್ದು ನೆನಪಿಗೆ ಬಂತು. ಮೂರು ಸಲವೂ ಅವಳು ಮುಳ್ಳನ್ನು ನೋಡಿ, "ಇಷ್ಟs ಏನು?" ಎಂದು ಕೇಳಿದ್ದಳು. ಇನ್ನೂ ಜೋರಾಗಿ ಊದು ಎಂದು ನಾನೇ ಬೈದಿದ್ದೆ.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಆಗುವುದು ಗೊತ್ತಿತ್ತು. ಒಬ್ಬರ ಆರೋಗ್ಯದ ಮಾಹಿತಿ ಅವರ ಕೆಲಸದ ಜಾಗದಲ್ಲಿ ಸೋರಿದೆ ಎಂದರೆ ಕಾಲೇಜಿನ ನೈತಿಕ ಸಮಿತಿಗೆ ಲಿಖಿತವಾಗಿ ತಿಳಿಸಬೇಕು. ಸಮಿತಿ ವಿಚಾರಿಸುವವರೆಗೆ ಕೆಲಸ ನಿಲ್ಲಿಸಬೇಕು. ವರದಿಯ ಗಡುವು ಹೋಗುತ್ತದೆ. ಹೇಳದಿದ್ದರೆ ಮೊದಲ ನಾಲ್ಕು ದಿನದ ಅಂಕಿಗಳ ತೆಳು ವರದಿ ಕಳಿಸಿ ಯೋಜನೆಯ ಪ್ರಮಾಣಪತ್ರ ಪಡೆಯಬಹುದು. ಆ ಹೆಂಗಸಿಗೆ ನನ್ನ ಹೆಸರೂ ಗೊತ್ತಿಲ್ಲ. ಇದನ್ನೆಲ್ಲ ನಾನು ಕೂತು ತೂಗಿ ನೋಡಿದ್ದು ನಿಜ.

ಹೇಳಬೇಕು ಎಂದು ಗಟ್ಟಿಯಾದ ಮೇಲೂ ಒಂದು ಅಡ್ಡಿಯಿತ್ತು. ವರದಿ ನನ್ನೊಬ್ಬಳದಲ್ಲ. ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಗೆಳತಿಯ ತಾಯಿ ಊಟಕ್ಕೆ ಕೂಡಿಸಿದರು, ರೊಟ್ಟಿಯ ಜೊತೆ ಕೆಂಪು ಬಾಳೆಹಣ್ಣು ಇಟ್ಟರು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಗೆಳತಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಒಳಗೆ ಹೋಗಿ ತನ್ನ ನೋಟ್‌ಬುಕ್ಕು ತಂದು ಮೊದಲ ಪುಟ ತೆರೆದು ನನ್ನ ತೊಡೆಯ ಮೇಲಿಟ್ಟಳು. ಒಂದೂ ದಿನ ಬಿಡದೆ ಅವಳ ಊದಿನ ಅಂಕಿಗಳಿದ್ದವು.

"ನಾ ದಿನಾ ಬರದೀನಿ ನೋಡು," ಎಂದಳು. "ನಮ್ಮ ಕಾಕಿ, ಓಣಿಯವರು, ಎಲ್ಲಾರೂ ಕೂಲಿ ಬಿಟ್ಟು ಬಂದು ಊದ್ಯಾರ. ನಂದೇನ್ ತಪ್ಪದ ಇದರಾಗ?"

"ನಿಂದೇನೂ ಇಲ್ಲ."

"ಮತ್ತ ಗಡುವು ತಪ್ಪಿದ್ರ ನಂದೂ ಹೋಗ್ತದಲ್ಲ."

"ಹೋಗ್ತದ."

ಅವಳು ನನ್ನ ತೊಡೆಯ ಮೇಲಿನ ಪುಸ್ತಕ ತೆಗೆದುಕೊಂಡು ಮುಚ್ಚಿದಳು. ಒಳಗಿನಿಂದ ಅವಳ ತಾಯಿ ಚಹಾ ಇಡಲೇ ಎಂದು ಕೇಳಿದರು, ಈಗ ಬೇಡ ಎಂದು ಅವಳು ಕೂಗಿದಳು.

"ಆಕಿಗಿ ಮಕ್ಕಳಾವೇನು?" ಎಂದು ಕೇಳಿದಳು ಕೊನೆಗೆ.

ನನಗೆ ಗೊತ್ತಿರಲಿಲ್ಲ. ಅವಳ ಎತ್ತರ, ತೂಕ, ದುಡಿದ ವರ್ಷ ನನ್ನ ಬಳಿ ಇತ್ತು.

"ಪತ್ರ ಬರಿ," ಎಂದಳು ಗೆಳತಿ. "ನಾನೂ ಸಹಿ ಮಾಡ್ತೀನಿ. ಆದ್ರ ನನಗ ಸಿಟ್ಟದ, ಅದು ಹೋಗಂಗಿಲ್ಲ ಈಗ್ಲೇ."

ಅವಳ ಸಿಟ್ಟು ಇಳಿಯಲು ಪರೀಕ್ಷೆಗಳು ಮುಗಿಯಬೇಕಾಯಿತು.

ಸೋಮವಾರ ಮೇಡಂ ಪತ್ರವನ್ನು ಎರಡು ಸಲ ಓದಿದರು. ಒಂದು ಕಡೆ "ಅಚಾತುರ್ಯದಿಂದ" ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿ, ಏನು ಮಾಡಿದೆನೋ ಅದನ್ನೇ ಬರೆಯಲು ಹೇಳಿದರು. ಸಾಕ್ಷಿಯಾಗಿ ಮುನೀಮರ ಸಹಿ ಹಾಕಿಸಿದೆ, ಪಟ್ಟಿಯನ್ನು ಅವರ ಮುಂದೆ ತೆರೆದಿಟ್ಟೆ, ಮೀಟರನ್ನು ಪರೀಕ್ಷಿಸಲಿಲ್ಲ ಎಂದು ಬರೆದೆ. ಮೇಡಂ ತಮ್ಮದೂ ಒಂದು ಸಾಲು ಸೇರಿಸಿದರು, ನಡುವೆ ಒಮ್ಮೆಯೂ ನೋಟ್‌ಬುಕ್ಕು ತರಿಸಿ ನೋಡಲಿಲ್ಲ ಎಂದು. ನಾನು, ಗೆಳತಿ ಇಬ್ಬರೂ ಸಹಿ ಮಾಡಿದೆವು. ಅಧ್ಯಯನ ನಿಂತಿತು. ಆ ಹೆಂಗಸಿನ ವಿಷಯದಲ್ಲಿ ಆದ ಹಾನಿಯನ್ನು ಮೊದಲು ಸರಿಪಡಿಸಿ ಎಂದು ಸಮಿತಿ ಹೇಳಿತು. ಹೇಗೆ ಎಂದು ಹೇಳಲಿಲ್ಲ.

ಅವಳ ಮನೆ ಹುಡುಕಲು ಹೆಚ್ಚು ಕಷ್ಟವಾಗಲಿಲ್ಲ. ಮಿಲ್ಲಿನ ಹೆಂಗಸರೇ ದಾರಿ ಹೇಳಿದರು. ಮೇಡಂ ಜೊತೆಗೆ ಬಂದರು. ನಂದೂರಿನ ರಸ್ತೆಯ ಬದಿಗೆ ಒತ್ತಾಗಿ ಕಟ್ಟಿದ ಮನೆಗಳ ಸಾಲಿನಲ್ಲಿ ಅವಳ ಮನೆ. ಬಾಗಿಲಲ್ಲಿ ಕೂತು ಜೋಳ ಕೇರುತ್ತಿದ್ದಳು. ನನ್ನ ಕೈಯಲ್ಲಿನ ಮೀಟರಿನ ಡಬ್ಬಿ ನೋಡಿ ಮೊರ ಕೆಳಗಿಟ್ಟಳು.

"ಅಕ್ಕಾ, ತಪ್ಪು ನಂದದ," ಎಂದೆ. ಯಂತ್ರ ಕೆಟ್ಟಿತ್ತು, ಅಂಕಿ ಸುಳ್ಳು, ಮುನೀಮರಿಗೆ ಅದು ಕಾಣಬಾರದಿತ್ತು ಎಂಬುದನ್ನೆಲ್ಲ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಕೇಳಿಸಿಕೊಂಡಳು.

"ಹಂಗಾದ್ರ ನನ್ನ ಎದಿ ಬರಾಬರ್ ಅದನs?"

"ಈಗ ಛಲೋ ಯಂತ್ರ ತಂದೀನಿ. ನಿಮಗ ಬೇಕಂದ್ರ ನೋಡೋಣ."

"ಹೋದ ಸಲ ಊದಿದ್ದಕ್ಕ ಕೆಲಸ ಹೋತು. ಈ ಸಲ ಊದಿದ್ರ ಏನು ಹೋಗ್ತದ ಯವ್ವಾ?"

ಮೇಡಂ ಹೊಸ್ತಿಲ ಕೆಳಗಿನ ಕಲ್ಲಿನ ಮೇಲೆ ಕೂತರು. "ಇದು ನಮ್ಮ ಪುಸ್ತಕಕ್ಕಲ್ಲಮ್ಮ. ಬರೆದುಕೊಳ್ಳೋದಿಲ್ಲ. ನಿಮಗೆ ಮಾತ್ರ ಹೇಳ್ತೀವಿ. ಬೇಡ ಅಂದ್ರೆ ಹಾಗೇ ಹೋಗ್ತೀವಿ," ಎಂದರು.

ಆಕೆ ಎದ್ದು ನಿಂತಳು. ಎದೆ ತುಂಬಿಕೊಂಡು ಒಂದೇ ಏಟಿಗೆ ಊದಿದಳು. ಅವಳಿಗೆ ಅದು ಮರೆತಿರಲಿಲ್ಲ. ಮುಳ್ಳು ಓಡಿ ನಿಂತ ಜಾಗವನ್ನು ನಾನು ಓದುವ ಮೊದಲೇ ಅವಳು ಬಗ್ಗಿ ನೋಡಿದಳು. ಅಂಕಿ ತಿಳಿಯದಿದ್ದರೂ ಹಿಂದಿನ ಸಲಕ್ಕಿಂತ ಎಷ್ಟು ಮುಂದೆ ಹೋಗಿದೆ ಎಂಬುದು ಕಾಣುತ್ತಿತ್ತು. ಅವಳ ಎತ್ತರಕ್ಕೆ, ವಯಸ್ಸಿಗೆ ಇರಬೇಕಾದಷ್ಟು ಇದೆ ಎಂದು ಮೇಡಂ ಹೇಳಿದರು. ಆಕೆ ಗೋಡೆಗೆ ಒರಗಿ ಕೂತು, ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು.

"ಇಷ್ಟು ದಿನ ಮೆಟ್ಟಲ ಹತ್ತಿದ್ರ ಸಾಕು, ದಮ್ಮು ಬಂದಂಗ ಅನ್ನಸ್ತಿತ್ತು ನನಗ," ಎಂದಳು. "ನೀರಿನ ಕೊಡಾ ಸಣ್ಣಾಕಿಗಿ ಹೊರಸ್ಲಾಕತ್ತಿದ್ದೆ."

ಸಣ್ಣವಳು ಅಂದರೆ ಅವಳ ಮಗಳು. ಒಳಗೆ ಶಾಲೆಯ ಅಂಗಿಯಲ್ಲೇ ನಿಂತು ನೋಡುತ್ತಿದ್ದಳು. ಕೆಲಸ ಹೋದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಮುನೀಮರ ಹತ್ತಿರ ಹೋಗಿ ಮಾತಾಡುತ್ತೇನೆ, ಈಗ ಬಂದ ಅಂಕಿ ಹೇಳಲೇ ಎಂದು ಕೇಳಿದೆ. ಆಕೆ ಬೇಡವೆಂದು ತಲೆಯಾಡಿಸಿದಳು.

"ನಂಬರ್ ಹೇಳಬ್ಯಾಡ್ರಿ. ಯಂತ್ರ ಕೆಟ್ಟಿತ್ತು ಅಂತ ಅಷ್ಟs ಹೇಳ್ರಿ. ನಾನೂ ಬರ್ತೀನಿ. ನನ್ನ ಮುಂದs ಹೇಳ್ರಿ."

ಮೂವರೂ ಮಿಲ್ಲಿಗೆ ಹೋದೆವು. ಅವಳು ಹೇಳಿದಷ್ಟನ್ನೇ ನಾನು ಹೇಳಿದೆ. ಮುನೀಮರಿಗೆ ನಂಬಿಕೆ ಬರಲಿಲ್ಲ. ಅವಳಿಗಾಗಿ ಹೀಗೆ ಹೇಳುತ್ತಿದ್ದೇನೆ ಎಂದುಕೊಂಡರು. ಮೇಡಂ ಚೀಲದಿಂದ ಎರಡೂ ಮೀಟರು ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟದ್ದನ್ನು ಹಾಗೆಯೇ, ಒರೆಸದೆ ಇಟ್ಟುಕೊಂಡಿದ್ದರು.

"ನೀವೇ ಊದಿ ನೋಡಿ."

ಮುನೀಮರು ಟೋಪಿ ತೆಗೆದಿಟ್ಟು ಊದಿದರು. ಮೊದಲು ಸರಿಯಿದ್ದ ಮೀಟರಿಗೆ, ಆಮೇಲೆ ಕೆಟ್ಟದ್ದಕ್ಕೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಇನ್ನೊಮ್ಮೆ ಊದಿದರು. ಹಸನು ಮಾಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಈ ಕಡೆಗೇ ನೋಡುತ್ತಿದ್ದರು.

"ಅಂದ್ರ ಎರಡು ತಕ್ಕಡಿಯೊಳಗ ತೂಗೀರಿ," ಎಂದರು ಮುನೀಮರು. "ನಾವು ಇಲ್ಲಿ ಮುಂಜಾನಿ ಮೊದಲನೇ ಚೀಲ ಇಡೂಕಿಂತ ಮೊದಲ ತೂಕದ ಕಲ್ಲಿಟ್ಟು ನೋಡ್ತೀವಿ ತಂಗಿ. ನಿಮ್ಮಲ್ಲಿ ಹಂಗ ಪದ್ಧತಿ ಇಲ್ಲೇನು?"

"ಅದರೀ. ನಾ ಮಾಡಲಿಲ್ಲ."

ಅವರು ನನ್ನನ್ನೂ ಆಕೆಯನ್ನೂ ನೋಡಿದರು. ಅವಳ ಜಾಗಕ್ಕೆ ಬೇರೊಬ್ಬಳನ್ನು ಸೇರಿಸಿಕೊಂಡಾಗಿದೆ, ಆ ಹೊಸಬಳಿಗೆ ಈಗ ಕೆಲಸ ಬಿಡು ಎನ್ನಲಾಗುವುದಿಲ್ಲ ಎಂದರು. ಕಣದ ಕೆಲಸಕ್ಕೆ ಆದರೆ ಸೋಮವಾರದಿಂದ ಬಾ ಎಂದರು. ಕಣವೆಂದರೆ ಬಿಸಿಲು, ಶೆಡ್ಡಿನ ನೆರಳಿಲ್ಲ. ಅವಳು ಒಪ್ಪಿದಳು. ಕಳೆದುಹೋದ ದಿನಗಳ ಕೂಲಿಯ ಮಾತು ಮೇಡಂ ಎತ್ತಿದರು, ಮುನೀಮರು ಅದು ಮಾಲಕರಿಗೆ ಬಿಟ್ಟದ್ದು ಎಂದರು. ಅದು ಅಲ್ಲಿಗೇ ನಿಂತಿತು.

ಸಮಿತಿಯ ಅನುಮತಿ ಮತ್ತೆ ಸಿಗುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಗಡುವು ಯಾವಾಗಲೋ ದಾಟಿತ್ತು. ಪ್ರಮಾಣಪತ್ರ ಇಬ್ಬರಿಗೂ ಇಲ್ಲ. ಆದರೂ ಮತ್ತೆ ಅಳೆದೆವು. ಈ ಸಲ ಇಬ್ಬರೂ ಎರಡೂ ಊರಿಗೆ ಹೋದೆವು, ಕೆಟ್ಟ ಮೀಟರಿನ ಬದಲು ಬೇರೊಂದು ತಂದು, ದಿನ ಬಿಟ್ಟು ದಿನ ಮೀಟರು ಅದಲುಬದಲು ಮಾಡಿಕೊಂಡೆವು. ಪ್ರತಿ ಊದಿನ ನಂತರ ಮೀಟರು ಡಬ್ಬಿಯೊಳಗೆ. ಪ್ರತಿ ಬೆಳಿಗ್ಗೆ ಮೊದಲು ನಾವು. ಸಾಕ್ಷಿಗೆ ಬೇರೆ ಓಣಿಯ ಅಂಗನವಾಡಿ ಟೀಚರನ್ನು ಕರೆದುಕೊಂಡು ಬಂದೆವು. ಮುನೀಮರು ತಾವಾಗಿಯೇ ಆ ಹೊತ್ತಿಗೆ ಗೋದಾಮಿನ ಆಚೆ ಹೋಗುತ್ತಿದ್ದರು. ಎರಡು ಗುಂಪಿನ ನಡುವೆ ವ್ಯತ್ಯಾಸ ಇತ್ತು, ಸಣ್ಣದು. ಇಷ್ಟು ಜನರನ್ನು ಅಳೆದು ಅದನ್ನು ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಬರೆದೆವು. ಕಾಲೇಜಿನ ಒಂದು ಸಭೆಯಲ್ಲಿ ಅದನ್ನು ಓದಿದಾಗ, ಕೆಟ್ಟ ಮೀಟರಿನ ನಕ್ಷೆಯನ್ನೂ ತೋರಿಸಿದೆವು. ಕೇಳಿದವರ ಪ್ರಶ್ನೆಗಳೆಲ್ಲ ಆ ನಕ್ಷೆಯ ಮೇಲೆಯೇ ಇದ್ದವು.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಎರಡನೆಯ ಸುತ್ತಿನಲ್ಲಿ ನಂದೂರಿನ ಮೂರನೆಯ ದಿನ. ಕಣದಿಂದ ಆಕೆ ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಕೈಯಲ್ಲಿ ತೊಗರಿ ಎಳೆಯುವ ಹಲಗೆ. ಟೀಚರು ಒಪ್ಪಿಗೆ ಪತ್ರವನ್ನು ಓದತೊಡಗಿದರು. ಆಕೆ ಉಳಿದವರ ಹಾಗೆ ನಡುವೆ ಹೂಂಗುಟ್ಟದೆ ಪೂರ್ತಿ ಕೇಳಿದಳು. ಯಾವಾಗ ಬೇಕಾದರೂ ನೀವು ಇದಕ್ಕೆ ಬೇಡ ಎನ್ನಬಹುದು, ಅದಕ್ಕೆ ಕಾರಣ ಕೊಡಬೇಕಿಲ್ಲ ಎಂಬ ಸಾಲು ಬಂದಾಗ ಕೈ ಎತ್ತಿದಳು.

"ಇದು ಹೋದ ಸಲಾನೂ ಇತ್ತೇನು?"

ಇತ್ತು ಎಂದೆ. ಹೊತ್ತಾಗಿತ್ತು ಎಂದು ಓಡಿಸಿಕೊಂಡು ಓದಿದ್ದೆ ಎಂದೆ.

"ಹಂಗಾದ್ರ ನಾ ಬ್ಯಾಡ ಅಂತೀನಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಟೀಚರ ಕೈಯಲ್ಲಿದ್ದ ಹಾಳೆಯನ್ನು ಒಮ್ಮೆ ನೋಡಿ, ಹಲಗೆ ಎತ್ತಿಕೊಂಡು ಕಣದ ಕಡೆ ನಡೆದಳು. ಹರವಿದ ತೊಗರಿಯ ನಡುವೆ ಅವಳು ಎಳೆದ ಗೀರು ನೆಟ್ಟಗೆ ಬೀಳುತ್ತಿತ್ತು.

ಪಟ್ಟಿಯಲ್ಲಿ "ಒಪ್ಪಿಲ್ಲ" ಎಂದು ಬರೆದು, ಮುಂದಿನವರನ್ನು ಕರೆದೆ.